ಅತ್ತೆ ಕಲಿಸಿದ ಲ್ಯಾಟಿನ್ ಹಾಡು

ನಾನು ಹಾವೇರಿ ಕಡೆಯವಳು. ನಮ್ಮೂರ ಚರ್ಚಿನಲ್ಲಿ ಪೂಜೆ, ಹಾಡು ಎಲ್ಲ ಕನ್ನಡದಲ್ಲೇ. ತೊಂಬತ್ತರ ದಶಕದಲ್ಲಿ ಮದುವೆಯಾಗಿ ಶಿರಸಿಗೆ ಬಂದರೆ ಗಂಡನ ಮನೆಯ ಮಾತು ಕೊಂಕಣಿ, ಭಾನುವಾರದ ಪೂಜೆಯೂ ಕೊಂಕಣಿ. ಎಲ್ಲರೂ ಎದ್ದ ಮೇಲೆ ಏಳುತ್ತಿದ್ದೆ, ಎಲ್ಲರೂ ಮೊಣಕಾಲೂರಿದ ಮೇಲೆ ಊರುತ್ತಿದ್ದೆ. ದೇವರ ಮನೆಗೂ ನೆಂಟಳಂತೆ ಹೋಗಿಬರುವುದೇ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಅತ್ತೆಗೆ ಇನ್ನೂ ಒಂದು ಭಾಷೆಯಿತ್ತು. ಹುಡುಗಿಯಾಗಿದ್ದಾಗ ಚರ್ಚಿನ ಗಾಯನ ಮಂಡಳಿಯಲ್ಲಿ ಕಲಿತ ಲ್ಯಾಟಿನ್. ನಮ್ಮವರಲ್ಲಿ ಯಾರು ತೀರಿಕೊಂಡರೂ ಶವದ ಮುಂದೆ ಆ ಭಾಷೆಯ ಒಂದು ಹಾಡನ್ನು ಅವರೇ ಹಾಡಬೇಕು. ಜೊತೆಗೆ ಹಾಡುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಹೋಗಿಬಿಟ್ಟಿದ್ದರು. ಅತ್ತೆಗೆ ಎದೆನೋವು ಶುರುವಾದ ವರ್ಷ ಒಂದು ದಿನ, ಮೀನು ಹೆಚ್ಚುತ್ತಿದ್ದವರು ನನ್ನನ್ನು ಕರೆದರು.

“ನನ್ನ ಮಣ್ಣಿಗೆ ಯಾರು ಹಾಡ್ತಾರೆ ಮಾರಾಯ್ತಿ? ನೀನು ಕಲಿ.”

“ನನಗ ಕೊಂಕಣೀನ ಬರೂದಿಲ್ಲ, ಲ್ಯಾಟಿನ್ ಹ್ಯಾಂಗ ಕಲೀಲಿ ಅತ್ತಿ? ಅದರ ಅರ್ಥ ಏನ್ರಿ?”

“ಅರ್ಥ ನಂಗೂ ಗೊತ್ತಿಲ್ಲ. ಸತ್ತವರನ್ನ ಮಲಗಿಸೋ ಹಾಡು ಅಂತ ಇಟ್ಕೊ. ಕೇಳೂಕೆ ಚಂದ ಇಲ್ವಾ?”

ಚಂದವೇ ಇತ್ತು. ಅವರು ಹೇಳಿಕೊಟ್ಟ ಹಾಗೆ ಸಾಲು ಸಾಲಾಗಿ ಕಲಿತೆ. ಆದರೆ ಏನು ಹಾಡುತ್ತಿದ್ದೇನೆ ಎಂದು ತಿಳಿಯದೆ ಸಮಾಧಾನವಿಲ್ಲ. ಯಲ್ಲಾಪುರಕ್ಕೆ ನೆಂಟರ ಮಗುವಿನ ಜ್ಞಾನಸ್ನಾನಕ್ಕೆ ಹೋದಾಗ ಅಲ್ಲಿ ಸಿಕ್ಕ ವಯಸ್ಸಾದ ಪಾದ್ರಿಯೊಬ್ಬರಿಗೆ ಮೆಲ್ಲಗೆ ಹಾಡಿ ತೋರಿಸಿದೆ.

“ಇದು ಮಲಗಿಸುವ ಹಾಡಲ್ಲಮ್ಮ,” ಎಂದರು ಅವರು. “ಕಡೆಯ ದಿನ ಲೋಕವೆಲ್ಲ ಉರಿದು ಬೂದಿಯಾಗುತ್ತದೆ, ನ್ಯಾಯ ತೀರಿಸುವವನು ಬರುತ್ತಾನೆ ಅಂತ ಹೆದರಿ ನಡುಗುವ ಹಾಡು. ಈಗ ಸಾವಿನ ಪೂಜೆಯಲ್ಲಿ ಇದನ್ನ ಬಿಟ್ಟಿದ್ದಾರೆ.”

ವಾಪಸು ಬರುವಾಗ ಬಸ್ಸಿನಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಹೇಳಲೋ, ಬೇಡವೋ? ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಹೇಳಿಬಿಟ್ಟೆ.

ಅತ್ತೆ ಅಲ್ಲೇ ಹೊಸ್ತಿಲ ಮೇಲೆ ಕೂತರು. “ನಿನ್ನ ಮಾವ ತೀರ್ಕೊಂಡಾಗ್ಲೂ ಇದನ್ನೇ ಹಾಡಿದ್ನಲ್ಲ. ಪಾಪ, ಅವರನ್ನ ನಾನು ಹೆದರಿಸಿ ಕಳಿಸಿದ್ನಾ?”

“ಮಾವಾರಿಗೂ ಅರ್ಥ ಗೊತ್ತಿರಲಿಲ್ಲಲ್ರೀ ಅತ್ತಿ. ನಿಮ್ಮ ದನಿ ಅಷ್ಟ ಕೇಳಿರ್ತಾರ.”

ಅಳುತ್ತಲೇ ನಕ್ಕರು. ಕೆಲವು ದಿನ ಹಾಡಿನ ಸುದ್ದಿಯೇ ಇಲ್ಲ. ಆಮೇಲೆ ಬಟ್ಟೆ ಮಡಚುವಾಗ ತಗ್ಗಿದ ದನಿಯಲ್ಲಿ ಮತ್ತೆ ಅದೇ ಹಾಡು. “ಇದನ್ನೇ ಹಾಡು ಮಗಾ. ಕಡೆಗೆ ನಿನ್ನ ಕನ್ನಡದಲ್ಲೂ ಎಂತಾದ್ರೂ ಹೇಳು,” ಎಂದರು.

ಅವರು ಹೋದಾಗ ಎರಡು ಸಾವಿರದ ದಶಕ ಶುರುವಾಗಿತ್ತು. ಪಾದ್ರಿಗಳ ಒಪ್ಪಿಗೆ ಪಡೆದು ಹಾಡಿದೆ. ಮೊದಲ ಸಾಲಿಗೇ ದನಿ ನಡುಗಿತು. ಹಿಂದಿನ ಬೆಂಚಿನಲ್ಲಿದ್ದ ಸಿದ್ದಾಪುರದ ಮುದುಕರೊಬ್ಬರು ನಿಧಾನವಾಗಿ ದನಿಗೂಡಿಸಿದರು. ಕಡೆಯ ತನಕ ಹೋದೆವು. ಗುಂಡಿಗೆ ಮಣ್ಣು ಹಾಕುವಾಗ, “ಹೆದರಬ್ಯಾಡ್ರಿ ಅತ್ತಿ,” ಎಂದಷ್ಟೇ ಹೇಳಲಾಯಿತು.

ನಾದಿನಿ ನನ್ನನ್ನು ತಬ್ಬಿಕೊಂಡು ಕೇಳಿದಳು: “ಎಷ್ಟು ಸಮಾಧಾನ ಆಯ್ತು ಅತ್ತಿಗೆ! ಆ ಹಾಡಿನ ಅರ್ಥ ಎಂತದು?”

“ಆಮ್ಯಾಲೆ ಹೇಳ್ತೀನಿ,” ಎಂದೆ. ಅವಳು ಈಗಲೂ ಬಂದಾಗಲೆಲ್ಲ ಕೇಳುತ್ತಾಳೆ; ನಾನು ಚಹಾಕ್ಕೆ ನೀರಿಡಲು ಎದ್ದು ಹೋಗುತ್ತೇನೆ.