‘ದೂಡಿ’ ಎಂದವನು ನಾನು

ಶೀನನ ಕಾಲು ಹೋದದ್ದು ಗ್ವಿನ್ ದೊರೆಯಿಂದಲ್ಲ, ನನ್ನಿಂದ. ‘ದೂಡಿ’ ಎಂದವನು ನಾನು. ದೊರೆ ಹೇಳಿದರು ಎಂದು ಸುಳ್ಳಾಡಿದವನೂ ನಾನೇ. ಇಷ್ಟು ವರ್ಷ ಮರೆತಿದ್ದೆ ಎಂದರೆ— ಅದು ಇನ್ನೊಂದು ಸುಳ್ಳಾದೀತು.

ಅದು ಎರಡನೇ ಮಹಾಯುದ್ಧದ ಕಾಲ. ಕುಂದಾಪುರದ ಹೊಳೆಬದಿಯ ಹಂಚಿನ ಕಾರ್ಖಾನೆಯಲ್ಲಿ ನಾನೂ ಶೀನನೂ ಮಣ್ಣು ಹದ ಮಾಡುವ ಕೆಲಸಕ್ಕಿದ್ದೆವು. ಇಬ್ಬರೂ ಕಡಲತಡಿಯ ಕೋಡಿ ಊರಿನವರು, ಮನೆಗಳ ನಡುವೆ ಒಂದು ಬೇಲಿ ಅಷ್ಟೆ. ಗ್ವಿನ್ ದೊರೆ ಕಾರ್ಖಾನೆಯ ಯಂತ್ರ ನೋಡಿಕೊಳ್ಳುತ್ತಿದ್ದರು. ಬಿಳಿಯರೇ ಆದರೂ ಇಂಗ್ಲಿಷರಲ್ಲ. ವೇಲ್ಸ್ ಎಂಬ ಸೀಮೆಯವರು. ಅವರ ಮನೆಮಾತು ಬೇರೆಯೇ, ಉಳಿದ ದೊರೆಗಳಿಗೂ ಅದು ತಿಳಿಯುತ್ತಿರಲಿಲ್ಲ. ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಒಬ್ಬರೇ ಕುಳಿತು ಆ ಭಾಷೆಯಲ್ಲಿ ಏನೋ ಹೇಳಿಕೊಳ್ಳುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಉತ್ತರ ಕೊಡುವವರು ಯಾರೂ ಇಲ್ಲದ ಮಾತು.

ಪ್ರಾಯದಲ್ಲಿ ಅವರು ರಗ್ಬಿ ಆಟಗಾರ. ಎರಡು ಗುಂಪು ತಲೆ ತಗ್ಗಿಸಿ, ಹೆಗಲಿಗೆ ಹೆಗಲು ಕೊಟ್ಟು ದೂಡುವಾಗ ಕಾಲುಗಳ ನಡುವಿನಿಂದ ಹೊರಬರುವ ಚೆಂಡನ್ನು ಹೆಕ್ಕಿ ತನ್ನವರಿಗೆ ಎಸೆಯುವ ಸಣ್ಣ ಆಳು— ಆ ಜಾಗವನ್ನು ಸ್ಕ್ರಮ್ ಹಾಫ್ ಎನ್ನುತ್ತಿದ್ದರು. ಕಲ್ಲಿದ್ದಲ ಗಣಿಯ ಊರಿನ ತಂಡದಿಂದ ದೇಶದ ತಂಡದ ಬಾಗಿಲವರೆಗೆ ಹೋಗಿದ್ದರಂತೆ. ಅಷ್ಟರಲ್ಲಿ ಹೆಗಲ ಕೀಲು ತಪ್ಪಿತು. ಮತ್ತೆ ಆಡಲಾಗಲಿಲ್ಲ, ಊರ ಹುಡುಗರಿಗೆ ಕಲಿಸತೊಡಗಿದರು. ಗಣಿ ಮುಚ್ಚಿದಾಗ ಆ ತಂಡವೂ ಚದುರಿ, ಅವರು ಹಡಗು ಹತ್ತಿದರು.

ಭಾನುವಾರ ಕೋಡಿಯ ಮರಳಲ್ಲಿ ನಮಗೆ ಕಲಿಸಿದರು. ಶೀನ ಬಲಶಾಲಿ, ಮುಂದಿನ ಸಾಲಿಗೆ. ನಾನು ಕುಳ್ಳ, ದೊರೆ ತಮ್ಮದೇ ಜಾಗವನ್ನು ನನಗೆ ಕೊಟ್ಟರು. ಅವರ ಕಟ್ಟಪ್ಪಣೆ ಒಂದೇ— ತಾವು ಬಾರದೆ ಯಾರೂ ದೂಡಬಾರದು. ಕುತ್ತಿಗೆ, ಕಾಲು ಹೋದೀತು ಎಂದು ನಮ್ಮದೇ ಮಾತಿನಲ್ಲಿ ಗದರಿಸುತ್ತಿದ್ದರು: “ನಾ ಬಪ್ಪಲ್ಲಿವರೆಗೆ ದೂಡುಕಾಗ!”

ಆ ಭಾನುವಾರ ಅವರು ಬರುವುದು ತಡವಾಯಿತು. ಬಸ್ರೂರಿನಿಂದ ಬಂದ ಕೆಲವರು ಆಟ ನೋಡಲು ನಿಂತಿದ್ದರು. ಅವರೆದುರು ನನಗೂ ದೊರೆಯಾಗುವ ಆಸೆ ಬಂತು. ಗುಂಪು ಕಟ್ಟಿಸಿದೆ. ಶೀನ ತಲೆಯೆತ್ತಿ ಕೇಳಿದ, “ದೊರೆ ಬರ್ಲಿಲ್ಲೆ, ದೂಡುದಾ?”

“ಹೇಳಿ ಕಳ್ಸೀರ್ ಮಾರಾಯ. ದೂಡಿ!”

ಒದ್ದೆ ಮರಳು ಜಾರಿತು. ಎಲ್ಲರೂ ಅವನ ಮೇಲೆಯೇ ಬಿದ್ದರು. ತೊಡೆಯ ಮೂಳೆ ಮುರಿದ ಸದ್ದು— ಬೇಡ, ಅದನ್ನು ಬರೆಯಲಾರೆ.

ಮರುದಿನ ಕಾರ್ಖಾನೆಯಲ್ಲಿ ವಿಚಾರಣೆ. ಮ್ಯಾನೇಜರರಾದ ದೊಡ್ಡ ದೊರೆ ಇಂಗ್ಲಿಷಿನಲ್ಲಿ ಕೇಳಿದ್ದನ್ನು ಗುಮಾಸ್ತರು ನನಗೆ ಹೇಳಿದರು: “ದೂಡುಕ್ ಹೇಳ್ದದ್ದ್ ಯಾರ್?”

ಗ್ವಿನ್ ದೊರೆ ಪಕ್ಕದಲ್ಲೇ ನಿಂತಿದ್ದರು. “ದೊರೆ ಹೇಳಿರ್” ಎಂದೆ.

ಅವರು ನನ್ನನ್ನೇ ನೋಡಿದರು. ಅಲ್ಲ ಎನ್ನಬಹುದಿತ್ತು, ನನ್ನಂಥವನ ಮಾತಿಗಿಂತ ಅವರ ಮಾತು ನಡೆಯುತ್ತಿತ್ತು. ಯಾಕೆ ಸುಮ್ಮನಿದ್ದರೋ— ನನ್ನ ಕೆಲಸ ಉಳಿಸಲೋ, ನನ್ನ ಬಗ್ಗೆ ಹೇಸಿಯೋ— ಇಂದಿಗೂ ಗೊತ್ತಿಲ್ಲ. ಆಟ ನಿಂತಿತು. ಅವರನ್ನು ಮಲಬಾರಿನ ಕಡೆಯ ಕಾರ್ಖಾನೆಗೆ ಕಳುಹಿಸಿದರು.

ಬ್ರಹ್ಮಾವರದ ಈಚೆಗಿನ ಹೊಳೆಯವರೆಗೆ ಅವರ ಪೆಟ್ಟಿಗೆ ಹೊತ್ತು ಹೋದವನು ನಾನೇ. ದೋಣಿ ಬರುವವರೆಗೂ ಇಬ್ಬರೇ ನಿಂತಿದ್ದೆವು. ನಾನು ಬಾಯಿ ತೆರೆಯಲೆಂದು ಅವರು ಕಾಯುತ್ತಿದ್ದರು— ಈಗ ಹಾಗನ್ನಿಸುತ್ತದೆ. ದೋಣಿಗೆ ಕಾಲಿಡುವಾಗ, “ಶೀನನ್ನ ಕಂಡ್ಕೊ” ಎಂದರು. ಅಷ್ಟೆ.

ನೋಡಿಕೊಂಡೆನೇ? ಶೀನ ಕೋಲು ಹಿಡಿದು, ಜಗಲಿಯಲ್ಲಿ ಬಲೆ ಹೆಣೆಯುತ್ತ ಮುದುಕನಾದ. ಸಂಜೆಯಾದರೆ ಅವನ ಪಕ್ಕ ಹೋಗಿ ಕೂರುತ್ತಿದ್ದೆ. “ಆ ಬಿಳಿಯ ನನ್ ಬದ್ಕ್ ಹಾಳ್ ಮಾಡ್ದ” ಎನ್ನುತ್ತಿದ್ದ. ನಾನು ಹೂಂಗುಡುತ್ತಿದ್ದೆ. ಇದನ್ನೇ ಊರಿನವರು ಸ್ನೇಹವೆಂದು ಕರೆದರು. ಹುಡುಗರಿಗೆ ಕಬಡ್ಡಿ ಕಲಿಸಿ ನಾನು ಗುರುವೂ ಆದೆ. ಅವರ ನಡುವೆ ನಿಂತಾಗಲೂ ನಾನು ಒಂಟಿ. ನನ್ನನ್ನು ಬಲ್ಲವರು ಅಲ್ಲಿ ಯಾರೂ ಇರಲಿಲ್ಲ.

ಕಳೆದ ವಾರ ಶೀನನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಬೈದಾನು, ಕೋಲೆತ್ತಿಯಾನು ಎಂದುಕೊಂಡಿದ್ದೆ. ಅವನು ಬಲೆ ಕೆಳಗಿಟ್ಟ.

“ಮಲಬಾರಿಗ್ ಹೋಪ ಮೊದ್ಲ್ ದೊರೆ ನನ್ ಕಾಂಬುಕ್ ಬಂದಿದ್ರ್. ಮಳಿಯಲ್ಲೇ ಅಂಗ್ಳದಲ್ ನಿಂತಿದ್ರ್. ನಾನ್ ಬಾಗ್ಲ್ ತೆಗುಕ್ ಬಿಡ್ಲಿಲ್ಲೆ. ಒಳ್ಗಿಂದ್ ಕೆಟ್ಟದ್ ಬೈದೆ ಕಾಣ್... ಅವ್ರ್ ಅಮ್ಮನ್ನೂ ಸೇರ್ಸಿ.”

ನನಗೆ ಅದು ಗೊತ್ತಿರಲಿಲ್ಲ. ಅವನ ಕಾಲನ್ನು ಮಾತ್ರ ಕೆಡಿಸಿದ್ದೇನೆ ಎಂದುಕೊಂಡಿದ್ದೆ.

“ನೀ ಇನ್ ಬರ್ಬೇಡ” ಎಂದ ಶೀನ.

ಹೋಗುತ್ತಿಲ್ಲ. ಬೇಲಿಯಾಚೆ ಅವನ ಕೋಲಿನ ಸದ್ದು ಕೇಳಿಸುತ್ತದೆ. ಕೇಳುತ್ತ ಈಚೆ ಕೂತಿರುತ್ತೇನೆ.