ಅಪ್ಪನ ಒರಿಜಿನಲ್ ಸೈಲೆನ್ಸರ್

ನಮ್ಮ ಮನೆಯಲ್ಲಿ ಕಾರನ್ನು ಬೈಯುವಂತಿರಲಿಲ್ಲ. ಅವ್ವನನ್ನು ಎಷ್ಟು ಬೇಕಾದರೂ ಬೈಯಬಹುದಿತ್ತು.

ಬಾದಾಮಿಯ ನಮ್ಮ ಓಣಿಗೆ ಬಂದ ಮೊದಲ ಕಾರು ಅದು. ಅದರ ಒಂದು ನಟ್ಟು ಕೂಡ ಬದಲಾಗಿಲ್ಲ, ಎಲ್ಲವೂ ಕಂಪನಿಯಿಂದ ಬಂದದ್ದೇ ಎಂದು ಅಪ್ಪ ಹೇಳಿಕೊಂಡು ತಿರುಗುತ್ತಿದ್ದ. ಮನೆಗೆ ಬಂದವರಿಗೆ ಚಹಾ ಸಿಗುವ ಮೊದಲೇ ಬಾನೆಟ್ಟಿನ ದರ್ಶನ ಆಗುತ್ತಿತ್ತು. ಕಾರು ಹಳತಾಗಿ ಬಣ್ಣ ಮಾಸಿದ ಮೇಲಂತೂ ಈ ಹೆಮ್ಮೆ ಇನ್ನಷ್ಟು ಹೆಚ್ಚಾಯಿತು.

ಆ ಕಾರಿನಲ್ಲಿ ಕೂತರೆ ಅವ್ವನಿಗೆ ವಾಂತಿ. ಹೊಸದರಲ್ಲಿ ಹೀಗಿರಲಿಲ್ಲ, ಆದರೆ ಅದನ್ನು ನೆನಪಿಡುವ ಪುರುಸೊತ್ತು ಯಾರಿಗಿತ್ತು? ತವರುಮನೆ ಇಳಕಲ್ಲಿಗೆ ಹೊರಟರೆ ಪಟ್ಟದಕಲ್ಲು ದಾಟುವ ಮೊದಲೇ ಅವಳ ತಲೆ ಸಿಡಿಯುತ್ತಿತ್ತು, ಐಹೊಳೆ ಬರುವಷ್ಟರಲ್ಲಿ ಸೆರಗು ಬಾಯಿಗೆ ಬಂದಿರುತ್ತಿತ್ತು. ಹಿಂದೆ ಅವಳ ಪಕ್ಕದಲ್ಲಿ ಕೂತ ನಾನು, ನನ್ನ ತಮ್ಮ ಇಬ್ಬರೂ ಗಾಡಿ ಊರು ಬಿಟ್ಟ ಕೂಡಲೇ ಕತ್ತು ಚೆಲ್ಲಿ ನಿದ್ದೆ ಹೋಗುತ್ತಿದ್ದೆವು. "ನಮ್ಮ ಗಾಡಿ ಅಂದ್ರ ತೊಟ್ಟಿಲು ಇದ್ದಂಗ" ಎಂದು ಅಪ್ಪ ಅದಕ್ಕೂ ಹಿಗ್ಗುತ್ತಿದ್ದ. ಹಿರಿಯಳೆಂದು ಯಾವಾಗಲೂ ಮುಂದೆಯೇ ಕೂಡುತ್ತಿದ್ದ ಸೋದರತ್ತೆ ಮಾತ್ರ ತಿರುಗಿ ಅವ್ವನನ್ನು ನೋಡಿ ಮೂಗು ಮುರಿಯುತ್ತಿದ್ದಳು.

"ಕಾರಿನ್ಯಾಗ ಕುಂತು ರೂಢಿ ಇಲ್ಲದ ಮನಿತನ. ಸುಖ ಹೊಟ್ಟ್ಯಾಗ ನಿಲ್ಲಂಗಿಲ್ಲ ಈಕಿಗೆ."

ಅವ್ವ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಒಮ್ಮೆ ಮಾತ್ರ ಅಪ್ಪನಿಗೆ, "ನಾ ಬಸ್ಸಿಗೆ ಹೋಗ್ತೇನ್ರಿ, ಬಸ್ಸಿನ್ಯಾಗ ನನಗ ಏನೂ ಆಗಂಗಿಲ್ಲ" ಎಂದಳು.

"ಮನಿ ಮುಂದ ಕಾರ್ ನಿಲ್ಲಿಸಿಕೊಂಡು ನೀ ಬಸ್ ಸ್ಟ್ಯಾಂಡಿನ್ಯಾಗ ನಿಂತ್ರ ಮಂದಿ ನನಗ ಏನಂದಾರು?" ಎಂದ ಅಪ್ಪ. ಮಾತು ಅಲ್ಲಿಗೇ ಮುಗಿಯಿತು.

ಇಳಕಲ್ಲಿನ ಆಯಿ, ಅಂದರೆ ಅವ್ವನ ತಾಯಿ, ಹಾಸಿಗೆ ಹಿಡಿದಾಗ ಮಗಳನ್ನು ಕಳಿಸಿರೆಂದು ಹೇಳಿಕಳಿಸಿದಳು. ಹೊರಟೆವು. ಅಮೀನಗಡದ ಹತ್ತಿರ ಅವ್ವ ವಾಂತಿ ಮಾಡಿಕೊಂಡು ರಸ್ತೆ ಬದಿಗೆ ಕುಸಿದಳು. "ನಿನ್ನ ಕೈಲೆ ಆಗಂಗಿಲ್ಲ, ಆರಾಮ ಆದಮ್ಯಾಲೆ ಹೋದ್ರಾತು" ಎಂದು ಅಪ್ಪ ಗಾಡಿ ಹೊಳ್ಳಿಸಿದ. ಅವ್ವನಿಗೆ ಆರಾಮಾಗುವ ತನಕ ಆಯಿ ಕಾಯಲಿಲ್ಲ. ಆಯಿಯ ಮಣ್ಣಿಗೆ ಹೋದಾಗಲೂ ಅವ್ವ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡೇ ಹೋದಳು. ಅವತ್ತು ಮಾತ್ರ ಗಾಡಿ ಹಿಂದಕ್ಕೆ ತಿರುಗಲಿಲ್ಲ.

ಈಗ ಅಪ್ಪನಿಗೆ ಕಣ್ಣು ಮಂಜು, ಕಾರು ನನ್ನ ಕೈಗೆ ಬಂದಿದೆ. ಕಳೆದ ತಿಂಗಳು ಕುಳಗೇರಿ ಕ್ರಾಸಿನ ಹತ್ತಿರ ಅದು ಒಮ್ಮೆಲೆ ಟ್ರ್ಯಾಕ್ಟರಿನ ಹಾಗೆ ಗುಡುಗತೊಡಗಿತು. ಸೈಲೆನ್ಸರ್ ಪೈಪು ಕಳಚಿ ನೆಲಕ್ಕೆ ಉಜ್ಜುತ್ತಿತ್ತು. ಅಪ್ಪ ಮೊದಲಿನಿಂದಲೂ ಹೋಗುತ್ತಿದ್ದ ಗ್ಯಾರೇಜು ಅಲ್ಲೇ ಇತ್ತು. ಮೇಸ್ತ್ರಿ ಗಾಡಿಯ ಕೆಳಗೆ ಹೊಕ್ಕು, ನಡುವಿನ ಪೈಪನ್ನು ಬಿಚ್ಚಿ ತಂದು ನನ್ನ ಮುಂದೆ ಹಾಕಿದ. ಅದಕ್ಕೆ ಸುತ್ತಿದ್ದ ಪಟ್ಟಿ ಸುಟ್ಟು ಕರಕಲಾಗಿತ್ತು, ಪಟ್ಟಿಯಡಿಯ ಪೈಪಿನಲ್ಲಿ ನನ್ನ ಹೆಬ್ಬೆರಳು ಹೋಗುವಷ್ಟು ತೂತು. ಹಿಂದಿನ ಸೀಟಿನ ಮುಂದೆ ಹಾಸಿದ್ದ ಮ್ಯಾಟ್ ಎತ್ತಿದೆ. ಅವ್ವ ಕಾಲಿಡುವ ಜಾಗದಲ್ಲಿ ತಗಡು ತುಕ್ಕು ತಿಂದು ನೆಲ ಕಾಣುತ್ತಿತ್ತು.

"ಈ ಪಟ್ಟಿ ನಾನ ಸುತ್ತಿದ್ದು ನೋಡ್ರಿ ಅಕ್ಕಾರ. ಹೊಗಿ ಒಳಗ ಹೊಡೀತೈತಿ, ಹಿಂದ ಕುಂತವ್ರಿಗೆ ತಲಿ ತಿರಗತೈತಿ, ಮಂಪರು ಹತ್ತತೈತಿ, ಪಟ್ಟಿ ಭಾಳ ದಿನ ತಾಳಂಗಿಲ್ಲ, ಪೈಪ್ ಬದಲ ಮಾಡೂಣು ಅಂದೆ. ಒರಿಜಿನಲ್ ತಗೀಬ್ಯಾಡ, ಪಟ್ಟಿ ಸುತ್ತು ಅಂದ್ರು ಯಜಮಾನ್ರು."

"ಯಾವಾಗ ಇದು?"

"ಭಾಳ ವರ್ಷ ಆತ್ರಿ. ಆವಾಗ ನನ್ನ ಮದವಿನೂ ಆಗಿರಲಿಲ್ಲ. ಈಗ ಮಗಳು ಕಾಲೇಜಿಗೆ ಹೊಂಟಾಳ."

ಆಗಿನ್ನೂ ಆಯಿ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದಳು.

ಹೊಸ ಪೈಪು ಹಾಕಿಸಿ, ತಳದ ತೂತಿಗೆ ತಗಡು ಬೆಸುಗೆ ಮಾಡಿಸಿಕೊಂಡು ಮನೆಗೆ ಬಂದೆ. ಕಟ್ಟೆಯ ಮೇಲೆ ಕೂತಿದ್ದ ಅಪ್ಪ ಕೇಳಿದ್ದು ಒಂದೇ ಮಾತು.

"ಹಳೇದು ಎಲ್ಲೈತಿ? ಅಲ್ಲೇ ಒಗದು ಬಂದೇನು? ಕಂಪನಿ ಮಾಲು ಅದು."

"ಹೊಗಿ ಒಳಗ ಬರ್ತೈತಿ ಅಂತ ಮೇಸ್ತ್ರಿ ನಿನಗ ಹೇಳಿದ್ನೋ ಇಲ್ಲೋ?" ಎಂದೆ. ನನ್ನ ದನಿ ಓಣಿಗೆಲ್ಲ ಕೇಳಿರಬೇಕು, ಕೇಳಲಿ.

ಅಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದ. "ಗ್ಯಾರೇಜಿನವ್ರು ಸಾವಿರ ಹೇಳ್ತಾರ. ಎಲ್ಲಾ ಕೇಳಿದ್ರ ಗಾಡಿ ಇಷ್ಟು ದಿನ ಉಳೀತಿತ್ತೇನು?"

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದಳು. ಇವತ್ತಾದರೂ ಇವಳು ಬಾಯಿ ಬಿಡಲಿ, ಗಂಡನಿಗೆ ನಾಲ್ಕು ಮಾತು ಅನ್ನಲಿ ಎಂದು ನಾನು ಕಾದೆ. ಅವಳು ಅಪ್ಪನ ಕಡೆ ನೋಡಲೇ ಇಲ್ಲ.

"ಹೊಗಿ ಇತ್ತೇನವಾ?"

"ಹೌದವಾ."

"ನನ್ನ ಹೊಟ್ಟಿ ನೆಟ್ಟಗನ ಇತ್ತು ಹಂಗಾರ?"

ಹೌದೆಂದು ತಲೆಯಾಡಿಸಿದೆ. ಅವ್ವ ಕೈಗಂಟಿದ್ದ ಹಿಟ್ಟನ್ನು ತಿಕ್ಕಿ ಉದುರಿಸಿದಳು.

"ಇಂಥಾ ಹೊಟ್ಟಿ ಕೊಟ್ಟು ಯಾಕ ಹಡದಿ ಅಂತ ನಮ್ಮವ್ವಗ ಬೈತಿದ್ನಲ್ಲ ನಾ" ಎಂದಳು. "ಮಣ್ಣಿಗೆ ಹೋಗುವಾಗನೂ ಬೈಕೋತನ ಹೋದೆ."