‘ಹೂಂ’ಗೆ ಕಾಯದ ರೇಡಿಯೊ

ಹೊಸದುರ್ಗದ ಆಸ್ಪತ್ರೆಗೂ ಮಾಡದಕೆರೆಗೂ ವೈರ್‌ಲೆಸ್ ಸಂಪರ್ಕ ಕಟ್ಟಿದ ತಂತ್ರಜ್ಞನನ್ನು ಜನ ಒರಟನೆನ್ನುತ್ತಾರೆ. ನಾನು ಕಂಡದ್ದು ಬೇರೆ.

ಹೆರಿಗೆಯಲ್ಲಿ ಜೀವಕ್ಕೇ ಕುತ್ತು ಬಂದು ಆ ಆಸ್ಪತ್ರೆ ಸೇರಿದ್ದ ಮಗಳ ದನಿಗಾಗಿ ತಾಯಿಯೊಬ್ಬಳು ಮಾಡದಕೆರೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತಿದ್ದಳು. ಮಾತು ತಡೆತಡೆದು ಬರುತ್ತಿತ್ತು.

“ಆ ಕಡೆ ರೇಡಿಯೊ ‘ಹೂಂ’ ಅನ್ನೋಗಂಟ ಈ ಕಡೇದು ಹೇಳಿದ್ದನ್ನೇ ಹೇಳ್ತೈತವ್ವ. ದೂರಕ್ಕೆ ಆ ಹೂಂ ತಡವಾಗ್ತೈತೆ” ಎಂದ ತಂತ್ರಜ್ಞ, ರೇಡಿಯೊ ನಡೆಸುವ ಡ್ರೈವರ್ ತಂತ್ರಾಂಶದಲ್ಲಿ ಆ ‘ಹೂಂ’ ಉತ್ತರವನ್ನೂ ಹೇಳಿದ್ದನ್ನೇ ಹೇಳುವ ಮರುಪ್ರಯತ್ನವನ್ನೂ ನಿಲ್ಲಿಸಿದ.

“ಮಾತು ಬಿಟ್ಟೋದ್ರೆ?” ಎಂದಳು ತಾಯಿ.

“ಒಂದೆರಡು ಹೋಗ್ತವೆ. ಹೋಗ್ಲಿ ಬಿಡ್ರಿ.” ಎಲ್ಲರಿಗೂ ಆತ ಹೇಳುತ್ತಿದ್ದುದು ಇಷ್ಟೇ, ಅಂಗೈ ಕೊಡವುತ್ತ.

ದನಿ ಸರಾಗವಾಯಿತು. ತಾಯಿ ಬಹಳ ಹೊತ್ತು ಕೇಳಿಸಿಕೊಂಡಳು.

“ಏನಂದ್ಳವ್ವ?” ಎಂದೆ.

“ಎಲ್ಲಾ ತಿಳೀಲಿಲ್ಲಪ್ಪ. ನಗ್ತಿದ್ಲು.”

ಆತ ಮುಖ ಕಾಣದಂತೆ ಗೋಡೆಯತ್ತ ತಿರುಗಿ, ಸುತ್ತಿಟ್ಟಿದ್ದ ವೈರನ್ನೇ ಬಿಚ್ಚಿ ಮತ್ತೆ ಸುತ್ತತೊಡಗಿದ.